ಎಂಟು ಬೋಲ್ಟುಗಳ ಲೆಕ್ಕ

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಮುರಿದ ಬೋಲ್ಟು ಇದೆ. ಕಿರುಬೆರಳಿನಷ್ಟು ಉದ್ದವೂ ಇಲ್ಲ. ಮೊಮ್ಮಗಳು ಪುಟ್ಟಿ ಬೇಸಿಗೆ ರಜೆಗೆ ಬಂದಾಗ ಸ್ಟ್ಯಾಪ್ಲರ್ ಪಿನ್ನು ಹುಡುಕುತ್ತಾ ಅದನ್ನು ಎತ್ತಿಕೊಂಡು, "ಅಜ್ಜ, ಇದನ್ಯಾಕೆ ಇಟ್ಕೊಂಡಿದೀಯ?" ಎಂದು ಕೇಳಿದಳು. "ಹಳೇ ಕಾರಿಂದು, ಅಲ್ಲೇ ಇಡು" ಎಂದೆ. ಎಂಟನೇ ಕ್ಲಾಸಿನ ಹುಡುಗಿ ಅಷ್ಟಕ್ಕೆಲ್ಲ ಬಿಡುವವಳಲ್ಲ. ಅವಳು ಬಿಡದೆ ಹೋದದ್ದರಿಂದಲೇ ಈ ಲೇಖನ ಬರೆಯುವ ಹಾಗಾಯಿತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಓದಿದ್ದು ಬಿ.ಕಾಂ. ಎಂಜಿನ್ನಿನ ವಿದ್ಯೆ ಕಾಲೇಜಿನಲ್ಲಿ ಕಲಿತದ್ದಲ್ಲ. 1996ರಲ್ಲಿ ಸಿಬ್ಬಂದಿ ಸಾಲ ತೆಗೆದು ಒಂದು ಮಾರುತಿ ಝೆನ್ ಕೊಂಡೆ. ಚಿಕ್ಕಮಗಳೂರಿನ ನಮ್ಮ ಬೀದಿಗೆ ಬಂದ ಎರಡನೆಯ ಕಾರು ಅದು. ಇಪ್ಪತ್ತು ವರ್ಷ ದುಡಿದ ಮೇಲೆ ಎಂಜಿನ್ ಹೊಗೆ ಬಿಡತೊಡಗಿತು. ಮಾರೋಣ ಎಂದಾಗ ಅಣ್ಣನ ಮಗ ಅಡ್ಡ ಬಂದ. "ಚಿಕ್ಕಪ್ಪ, ಎಂಜಿನ್ ಕೆಲಸ ಮಾಡಿಸೋಣ. ನಾನು ಆಟೋಕ್ರಾಸಿಗೆ ತಗೊಂಡು ಹೋಗ್ತೀನಿ" ಎಂದ.

ಆಟೋಕ್ರಾಸ್ ಎಂದರೆ ಮಣ್ಣಿನ ಮೈದಾನದಲ್ಲಿ ಗುರುತು ಹಾಕಿದ ದಾರಿಯಲ್ಲಿ ಒಂದೊಂದೇ ಕಾರು ಓಡಿಸಿ ಸಮಯ ನೋಡುವ ಸ್ಪರ್ಧೆ. ನಮ್ಮ ಕಾಫಿ ಸೀಮೆಗೆ ರ‍್ಯಾಲಿ ಹೊಸದಲ್ಲ. ತೋಟದ ರಸ್ತೆಗಳಲ್ಲಿ ಧೂಳೆಬ್ಬಿಸುವ ಕಾರುಗಳನ್ನು ನೋಡಲು ಊರಿಗೆ ಊರೇ ಬೇಲಿಯ ಬಳಿ ನಿಲ್ಲುತ್ತದೆ. ಹಾಗಾಗಿ ಒಪ್ಪಿದೆ. ಎಂಜಿನ್ ಕಟ್ಟಿಸಿದೆವು. ಮೂರನೆಯ ಸ್ಪರ್ಧೆಯಲ್ಲಿ, ಎರಡನೇ ಗೇರಿನಲ್ಲಿ ಜೋರಾಗಿ ಎಳೆಯುವಾಗ, ಸುತ್ತಿಗೆಯಲ್ಲಿ ಬಡಿದಂತೆ ಒಂದು ಸದ್ದಾಯಿತು. ಕಾರು ಎಣ್ಣೆ ಚೆಲ್ಲಿಕೊಂಡು ನಿಂತಿತು. ಹುಡುಗನಿಗೆ ಏನೂ ಆಗಲಿಲ್ಲ. ಬಾನೆಟ್ ಎತ್ತಿದರೆ ಎಂಜಿನ್ನಿನ ಪಕ್ಕದಲ್ಲಿ ಮುಷ್ಟಿ ತೂರುವಷ್ಟು ತೂತು! ಒಳಗಿನ ರಾಡು ಕಳಚಿಕೊಂಡು ಗೋಡೆ ಒಡೆದು ಹೊರಗೆ ಇಣುಕುತ್ತಿತ್ತು.

ಮನೆಯಲ್ಲಿ ಎಲ್ಲರೂ ಮೇಸ್ತ್ರಿಯನ್ನು ಬೈದರು. "ಸರಿಯಾಗಿ ಬಿಗಿ ಮಾಡಿಲ್ಲ" ಎಂದರು. ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದುದರ ಕಥೆಗೆ ಆಮೇಲೆ ಬರುತ್ತೇನೆ.

ಸೆಕೆಂಡಿಗೆ 250 ಸಲ ನಿಲ್ಲುವ ಪಿಸ್ಟನ್

ಮೊದಲು ಎಂಜಿನ್ನಿನ ಒಳಗೊಮ್ಮೆ ಹೋಗಿ ಬರೋಣ. ಸಿಲಿಂಡರ್ ಎಂಬ ಉರುಟು ಬಾವಿಯಲ್ಲಿ ಪಿಸ್ಟನ್ ಎಂಬ ಮುಚ್ಚಳ ಮೇಲೆ ಕೆಳಗೆ ಓಡಾಡುತ್ತದೆ. ಪೆಟ್ರೋಲು ಮತ್ತು ಗಾಳಿ ಉರಿದಾಗ ಅದು ಕೆಳಕ್ಕೆ ತಳ್ಳಲ್ಪಡುತ್ತದೆ. ಕನೆಕ್ಟಿಂಗ್ ರಾಡ್ ಆ ತಳ್ಳುವಿಕೆಯನ್ನು ಕ್ರ್ಯಾಂಕ್‌ಶಾಫ್ಟಿಗೆ ದಾಟಿಸಿ ತಿರುಗಿಸುತ್ತದೆ. ಸೈಕಲ್ ಪೆಡಲು ನೆನಪಿಸಿಕೊಳ್ಳಿ: ತೊಡೆ ಪಿಸ್ಟನ್, ಮೊಣಕಾಲಿನ ಕೆಳಗಿನ ಭಾಗ ರಾಡು, ಪೆಡಲು ಇರುವ ಕಟ್ಟು ಕ್ರ್ಯಾಂಕು.

ನಮ್ಮ ಝೆನ್ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರ್. ಒಂದೊಂದರ ಅಗಲ 72 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರ 61 ಮಿಲಿಮೀಟರ್. ನಾಲ್ಕನ್ನೂ ಸೇರಿಸಿದರೆ 993 ಸಿ.ಸಿ. ಬಾವಿ ಅಗಲ, ಆಳ ಕಡಿಮೆ. ಗಿಡ್ಡ ಹೆಜ್ಜೆಯವನು ಬೇಗ ಬೇಗ ಕಾಲು ಹಾಕಬಲ್ಲ ಅಲ್ಲವೇ? ಇದೂ ಹಾಗೆಯೇ. ಕಂಪನಿಯ ಲೆಕ್ಕದಲ್ಲಿ ಇದರ ಪೂರ್ಣ ಶಕ್ತಿ ಬರುತ್ತಿದ್ದುದು ನಿಮಿಷಕ್ಕೆ 6,500 ಸುತ್ತಿನಲ್ಲಿ. ಅಣ್ಣನ ಮಗನಿಗೆ ಬೇಕಾದದ್ದು 7,500.

ಈಗ ಲೆಕ್ಕ. ನಿಮಿಷಕ್ಕೆ 7,500 ಸುತ್ತು ಎಂದರೆ ಸೆಕೆಂಡಿಗೆ 125. ಪ್ರತಿ ಸುತ್ತಿಗೂ ಪಿಸ್ಟನ್ ಮೇಲೊಮ್ಮೆ, ಕೆಳಗೊಮ್ಮೆ ಪೂರ್ತಿ ನಿಂತು ಹಿಂದಿರುಗಬೇಕು. ಅಂದರೆ ಸೆಕೆಂಡಿಗೆ 250 ಸಲ ನಿಲ್ಲಬೇಕು. ನಡುವೆ ಅದರ ಸರಾಸರಿ ವೇಗ ಸೆಕೆಂಡಿಗೆ ಸುಮಾರು 15 ಮೀಟರ್, ಗಂಟೆಗೆ 55 ಕಿಲೋಮೀಟರ್. ಅಂಗೈ ಅಗಲದ ಜಾಗದಲ್ಲಿ ಬಸ್ಸಿನ ವೇಗ!

ಹೀಗೆ ನಿಂತು ತಿರುಗುವಾಗ ಪಿಸ್ಟನ್ನಿನ ಒಂದೊಂದು ಗ್ರಾಮೂ 1,900 ಗ್ರಾಮಿಗಿಂತ ಹೆಚ್ಚು ತೂಕವಿದ್ದಂತೆ ರಾಡನ್ನು ಎಳೆಯುತ್ತದೆ. ಇನ್ನೊಂದು ಮಾತು. ಈ ಎಳೆತ ಸರಳ ಬಡ್ಡಿಯ ಹಾಗೆ ಏರುವುದಿಲ್ಲ, ವರ್ಗದ ಲೆಕ್ಕದಲ್ಲಿ ಏರುತ್ತದೆ. ಸುತ್ತು ಎರಡರಷ್ಟಾದರೆ ಎಳೆತ ನಾಲ್ಕರಷ್ಟು. 6,500ರಿಂದ 7,500ಕ್ಕೆ ಹೋದರೆ ಸುತ್ತು ಹೆಚ್ಚಿದ್ದು ಶೇ. 15, ಎಳೆತ ಹೆಚ್ಚಿದ್ದು ಶೇ. 33. "ಒಂದು ಸಾವಿರ ಸುತ್ತು ತಾನೇ" ಎನ್ನುವವರು ಈ ಬಡ್ಡಿಯನ್ನು ಮರೆತಿರುತ್ತಾರೆ. ನಾನೂ ಮರೆತಿದ್ದೆ.

*ಮಕ್ಕಳೇ, ಮಾಡಿ ನೋಡಿ:* ಒಂದು ರಬ್ಬರಿಗೆ ಗಟ್ಟಿ ದಾರ ಕಟ್ಟಿ, ಯಾರೂ ಹತ್ತಿರವಿಲ್ಲದ ಕಡೆ ನಿಧಾನವಾಗಿ ತಿರುಗಿಸಿ. ಬೆರಳಿಗಾಗುವ ಎಳೆತ ಗಮನಿಸಿ. ಈಗ ಎರಡರಷ್ಟು ಬೇಗ ತಿರುಗಿಸಿ. ಎಳೆತ ಎಷ್ಟಾಯಿತು? ಅಜ್ಜನ ಕೈಗೂ ಕೊಟ್ಟು ಕೇಳಿ.

ಹಳೆಯ ಚೀಟಿ

ಪುಟ್ಟಿ ಬೋಲ್ಟಿನ ಜೊತೆ ಡ್ರಾಯರಿನಲ್ಲಿದ್ದ ಹಳೆಯ ಅಂದಾಜು ಪಟ್ಟಿಯನ್ನೂ ಹೊರಗೆ ತೆಗೆದಳು. ಮೇಸ್ತ್ರಿ ಮೊದಲ ಸಲ ಬರೆದುಕೊಟ್ಟಿದ್ದ ಚೀಟಿ. ಪಿಸ್ಟನ್, ರಿಂಗು, ಬೇರಿಂಗು, ಗ್ಯಾಸ್ಕೆಟ್ಟು ಎಂದು ಸಾಲಾಗಿ ಇತ್ತು. ನಡುವೆ ಒಂದು ಸಾಲಿಗೆ ಅಡ್ಡಗೆರೆ. ಅವಳು ಬೆಳಕಿಗೆ ಹಿಡಿದು ಓದಿದಳು: "ರಾಡ್ ಬೋಲ್ಟ್, ಹೊಸದು, 8. ರೂ. 960. ಅಜ್ಜ, ಇದನ್ನ ಯಾರೋ ಹೊಡೆದು ಹಾಕಿದಾರೆ. ಪಕ್ಕದಲ್ಲಿ ನಿನ್ನ ಸಹಿ ಇದೆ."

ಬ್ಯಾಂಕಿನ ಅಭ್ಯಾಸ. ಏನನ್ನಾದರೂ ಹೊಡೆದು ಹಾಕಿದರೆ ಪಕ್ಕದಲ್ಲಿ ಸಹಿ ಮಾಡಬೇಕು. ಅಂದು ಮೇಸ್ತ್ರಿ, "ಸರ್, ಬೋಲ್ಟು ಹೊಸದು ಹಾಕಲೇಬೇಕು" ಎಂದು ಎರಡು ಸಲ ಹೇಳಿದ್ದ. "ಇದ್ದ ಬೋಲ್ಟಿಗೆ ಏನಾಗಿದೆಯಯ್ಯಾ, ತುಕ್ಕೂ ಹಿಡಿದಿಲ್ಲ" ಎಂದು ನಾನೇ ಗೆರೆ ಎಳೆದಿದ್ದೆ. ಮುರಿದದ್ದು ಅದೇ ಬೋಲ್ಟು. ಬೈಸಿಕೊಂಡವನು ಮೇಸ್ತ್ರಿ. ಅವನು ಒಂದು ಮಾತೂ ಆಡಲಿಲ್ಲ, ಆಮೇಲೆ ನಮ್ಮ ಮನೆಯ ಕಡೆ ಬರುವುದನ್ನೇ ಬಿಟ್ಟ. ಮೂರು ವರ್ಷ ಕಾರು ಟಾರ್ಪಾಲಿನ ಕೆಳಗೆ ನಿಂತಿತ್ತು.

"ಅವರ ತಪ್ಪಲ್ಲ ಅಂತ ನೀನು ಹೇಳ್ಲಿಲ್ವಾ?" ಎಂದಳು ಪುಟ್ಟಿ. ಮೂವತ್ತೇಳು ವರ್ಷದಲ್ಲಿ ಯಾವ ಆಡಿಟರೂ ನನ್ನನ್ನು ಹೀಗೆ ಹಿಡಿದಿರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಮೇಸ್ತ್ರಿಯ ಗ್ಯಾರೇಜಿಗೆ ಹೋದೆವು. ಚೀಟಿಯನ್ನು ಅವನ ಕೈಗೆ ಕೊಟ್ಟು, "ತಪ್ಪು ನಂದು. ಅವತ್ತೇ ಹೇಳಬೇಕಿತ್ತು" ಎಂದೆ. ಅವನು ಚೀಟಿ ನೋಡಿ ಮಡಿಚಿ ಹಿಂದಕ್ಕೆ ಕೊಟ್ಟ. "ನಂದೂ ಇದೆ ಸರ್. ಬೋಲ್ಟು ಬೇಡ ಅಂದ್ರೆ ಎಂಜಿನ್ ಕಟ್ಟಲ್ಲ ಅನ್ನಬೇಕಿತ್ತು. ಚಾ ಕುಡೀತೀರಾ?" ಎಂದ. ಎರಡನೆಯ ಸಲದ ಎಂಜಿನ್ ಕೆಲಸ ಆ ಚಾದಿಂದ ಶುರುವಾಯಿತು.

ಇಡ್ಲಿಯೋ ಚಪಾತಿಯೋ?

ತೂತಾದ ಬ್ಲಾಕು ಗುಜರಿಗೆ ಹೋಯಿತು. ಬೆಂಗಳೂರಿನ ಶಿವಾಜಿನಗರದಿಂದ ಅದೇ ಜಾತಿಯ ಹಳೆಯ ಎಂಜಿನ್ ತಂದೆವು. ಯಾವ ಭಾಗ ಹೊಸದು, ಯಾವುದು ಹಳೆಯದು, ಯಾವುದು ದುಬಾರಿ, ಯಾವುದು ಸಾಮಾನ್ಯ? ಗ್ಯಾರೇಜಿನ ಬೆಂಚಿನ ಮೇಲೆ ನಾಲ್ವರೂ ಕುಳಿತೆವು. ಪುಟ್ಟಿ ನೋಟ್‌ಬುಕ್ ತೆರೆದಳು.

ಅಣ್ಣನ ಮಗನ ಮೊದಲ ಬೇಡಿಕೆ ಫೋರ್ಜ್ಡ್ ಪಿಸ್ಟನ್. ಕಾರಿನ ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದನ್ನು ಎರಡು ರೀತಿಯಲ್ಲಿ ಮಾಡುತ್ತಾರೆ. ಕರಗಿಸಿದ ಲೋಹವನ್ನು ಅಚ್ಚಿಗೆ ಹೊಯ್ದರೆ ಎರಕದ ಪಿಸ್ಟನ್. ಬಿಸಿ ಮಾಡಿದ ಗಟ್ಟಿ ಲೋಹವನ್ನು ಭಾರೀ ಒತ್ತಡದಲ್ಲಿ ಅಚ್ಚಿಗೆ ಅದುಮಿದರೆ ಫೋರ್ಜ್ಡ್ ಪಿಸ್ಟನ್. ಒಂದು ಇಡ್ಲಿ, ಇನ್ನೊಂದು ಚೆನ್ನಾಗಿ ನಾದಿದ ಚಪಾತಿ ಹಿಟ್ಟು. ನಾದಿದ್ದು ಎಳೆದರೂ ಬೇಗ ಹರಿಯುವುದಿಲ್ಲ. ಪೆಟ್ಟು ತಿನ್ನುವ ಶಕ್ತಿ ಅದಕ್ಕೆ ಹೆಚ್ಚು.

ಹಾಗಿದ್ದರೆ ಅದನ್ನೇ ಹಾಕಬಾರದೇಕೆ? ಫೋರ್ಜ್ಡ್ ಪಿಸ್ಟನ್ನುಗಳಿಗೆ, ಅದರಲ್ಲೂ ಸಿಲಿಕಾನ್ ಕಡಿಮೆ ಇರುವ ಲೋಹದವಕ್ಕೆ, ಬಿಸಿಯಾದಾಗ ಹಿಗ್ಗುವ ಗುಣ ಹೆಚ್ಚು. ಹಿಗ್ಗಲು ಸಿಲಿಂಡರಿನಲ್ಲಿ ಹೆಚ್ಚು ಜಾಗ ಬಿಡಬೇಕು. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ಬಿಸಿಯಾಗುವವರೆಗೆ ಪಿಸ್ಟನ್ ಗೋಡೆಗೆ ತಟ್ಟಿ ಟಕಟಕ ಎನ್ನುತ್ತದೆ. ಎರಕದ್ದರಲ್ಲಿ ಸಿಲಿಕಾನ್ ಹೆಚ್ಚಿರುವುದರಿಂದ ಅದು ಕಡಿಮೆ ಹಿಗ್ಗುತ್ತದೆ, ಬಿಗಿಯಾಗಿ ಕೂರುತ್ತದೆ. "ಟರ್ಬೊ ಹಾಕಿದ್ರೆ ಫೋರ್ಜ್ಡ್ ಬೇಕು. ನಮ್ಮದು ಬರೀ ಕಾರ್ಬುರೇಟರ್ ಗಾಡಿ. 7,500ಕ್ಕೆ ಒಳ್ಳೇ ಎರಕದ ಪಿಸ್ಟನ್ ಸಾಕು. ಭಾರ ಕಡಿಮೆ ಇರೋದು ಮುಖ್ಯ" ಎಂದ ಮೇಸ್ತ್ರಿ. ಅಣ್ಣನ ಮಗನ ಮುಖ ಸಣ್ಣದಾಯಿತು. ನನ್ನ ಮುಖ ಅರಳಿತು. ಅದನ್ನು ನೋಡಿ ಮೇಸ್ತ್ರಿ, "ಉಳಿದ ದುಡ್ಡು ವಾಪಸ್ ಜೇಬಿಗಲ್ಲ ಸರ್, ಕೆಳಗಡೆ ಬೇಕು" ಎಂದ.

ಪಿಸ್ಟನ್ನಿಗೆ ಮೂರು ರಿಂಗು. ಮೇಲಿನದು ಉರಿಯುವ ಅನಿಲದ ಒತ್ತಡ ತಡೆಯುತ್ತದೆ, ನಡುವಿನದು ಅದಕ್ಕೆ ನೆರವಾಗುತ್ತಾ ಎಣ್ಣೆಯನ್ನೂ ಬಳಿಯುತ್ತದೆ, ಕೆಳಗಿನದಕ್ಕೆ ಎಣ್ಣೆ ಬಳಿಯುವುದೇ ಕೆಲಸ. ಬಳೆಯಂತಿರುವ ರಿಂಗಿನಲ್ಲಿ ಒಂದು ಸಣ್ಣ ಬಿರುಕು ಬಿಟ್ಟಿರುತ್ತಾರೆ. ಬಿಸಿಯಾಗಿ ಹಿಗ್ಗಿದಾಗ ಎರಡು ತುದಿ ಢಿಕ್ಕಿಯಾದರೆ ರಿಂಗು ಕಚ್ಚಿಕೊಂಡು ಮುರಿಯುತ್ತದೆ. ಬಿರುಕು ಅತಿಯಾದರೆ ಒತ್ತಡ ಸೋರುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಒಂದು ಅಂದಾಜು ಸೂತ್ರ: ಸಿಲಿಂಡರಿನ ಅಗಲದ ಸಾವಿರದಲ್ಲಿ ನಾಲ್ಕು ಭಾಗ. 72 ಮಿ.ಮೀ.ಗೆ ಸುಮಾರು 0.29 ಮಿ.ಮೀ. ಮೇಸ್ತ್ರಿ ರಿಂಗನ್ನು ಸಿಲಿಂಡರಿಗಿಳಿಸಿ ಪುಟ್ಟಿಯ ಕೈಗೆ ಫೀಲರ್ ಗೇಜ್ ಕೊಟ್ಟ. 0.30ರ ಎಲೆ ತುಸು ಬಿಗಿಯಾಗಿ ಜಾರಿತು. "ಪಾಸ್!" ಎಂದು ಅವಳು ನೋಟ್‌ಬುಕ್ಕಿನಲ್ಲಿ ಸರಿ ಗುರುತು ಹಾಕಿದಳು.

ಬೋಲ್ಟು ಯಾಕೆ ಮುರಿಯುತ್ತದೆ?

ರಾಡಿನ ಕೆಳತುದಿ ಎರಡು ಹೋಳು. ಕ್ರ್ಯಾಂಕನ್ನು ಅಪ್ಪಿಕೊಂಡ ಮೇಲೆ ಎರಡು ಬೋಲ್ಟು ಹಾಕಿ ಬಿಗಿಯುತ್ತಾರೆ. ನಾಲ್ಕು ರಾಡಿಗೆ ಎಂಟು ಬೋಲ್ಟು.

ಪೆಟ್ರೋಲು ಉರಿಯುವಾಗ ರಾಡಿಗೆ ತುಂಬ ಕಷ್ಟ ಎಂದು ನಾನು ತಿಳಿದಿದ್ದೆ. ಆಗ ಅದನ್ನು ಅದುಮಲಾಗುತ್ತದೆ ಅಷ್ಟೆ, ಉಕ್ಕು ಅದನ್ನು ತಡೆಯುತ್ತದೆ. ಬೋಲ್ಟಿಗೆ ನಿಜವಾದ ಪರೀಕ್ಷೆ ಹೊಗೆ ಹೊರಹಾಕಿ ಪಿಸ್ಟನ್ ಮೇಲಿನ ತುದಿ ಮುಟ್ಟಿದಾಗ. ಮೇಲೆ ಒತ್ತಡವಿಲ್ಲ. ಪಿಸ್ಟನ್ ಮೇಲಕ್ಕೇ ಹಾರಿಹೋಗಲು ನೋಡುತ್ತದೆ. ಅದನ್ನು ಹಿಂದಕ್ಕೆಳೆಯುವುದು ಆ ಎರಡು ಬೋಲ್ಟು ಮಾತ್ರ. 7,500 ಸುತ್ತಿನಲ್ಲಿ ಸೆಕೆಂಡಿಗೆ 62 ಸಲಕ್ಕೂ ಹೆಚ್ಚು ಈ ಬಿಡುವಿಲ್ಲದ ಎಳೆತ. ತಂತಿಯೊಂದನ್ನು ಅತ್ತಿತ್ತ ಬಗ್ಗಿಸುತ್ತಾ ಹೋದರೆ ಒಂದು ಸಲಕ್ಕೆ ಏನೂ ಆಗುವುದಿಲ್ಲ, ಆದರೆ ಕೊನೆಗೆ ಪಟ್ಟನೆ ಮುರಿಯುತ್ತದೆ. ಲೋಹಕ್ಕೂ ದಣಿವು ಇದೆ. ಅದು ತುಕ್ಕಿನ ಹಾಗೆ ಕಣ್ಣಿಗೆ ಕಾಣುವುದಿಲ್ಲ. ಇಪ್ಪತ್ತು ವರ್ಷದ ಆಯಾಸ ಹೊತ್ತ ಬೋಲ್ಟನ್ನು ನಾನು ಹೊರಗಿನ ಹೊಳಪು ನೋಡಿ ಪಾಸು ಮಾಡಿದ್ದೆ.

ಬೋಲ್ಟು ಬಿಗಿಯುವುದೂ ಒಂದು ವಿದ್ಯೆ. ಬಿಗಿದಾಗ ಬೋಲ್ಟು ರಬ್ಬರ್ ಬ್ಯಾಂಡಿನಂತೆ ಕೂದಲೆಳೆಯಷ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಯೇ ಎರಡು ಹೋಳನ್ನು ಅಪ್ಪಿ ಹಿಡಿಯುವುದು. ಅಪ್ಪುಗೆಯ ಬಲ ಪಿಸ್ಟನ್ನಿನ ಎಳೆತಕ್ಕಿಂತ ಜಾಸ್ತಿ ಇದ್ದರೆ ಬೋಲ್ಟಿಗೆ ಆ ಏರಿಳಿತ ಅಷ್ಟಾಗಿ ತಟ್ಟುವುದಿಲ್ಲ. ಸಡಿಲವಾದರೆ ಪ್ರತಿ ಎಳೆತವೂ ನೇರ ಬೋಲ್ಟಿಗೇ. ಅತಿ ಬಿಗಿದರೆ ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ, ಆ ಬೋಲ್ಟು ಸತ್ತಂತೆ. ಅದಕ್ಕೇ ಟಾರ್ಕ್ ರೆಂಚ್. ಈ ಸಲ ಹೆಚ್ಚು ಬಲದ ಎಂಟು ಹೊಸ ಬೋಲ್ಟು ತರಿಸಿದೆವು. ಫೋರ್ಜ್ಡ್ ಪಿಸ್ಟನ್ನಿನಲ್ಲಿ ಉಳಿದ ಹಣದ ಮೊದಲ ಖರ್ಚು ಅದು. ಹೊಸ ಬೋಲ್ಟು ಬಿಗಿದ ಮೇಲೆ ರಾಡಿನ ತೂತು ತುಸು ಆಕಾರ ಬದಲಿಸಬಹುದು. ಹಾಗಾಗಿ ಬಿಗಿದು, ಅಳೆದು, ಲೇತಿನಂಗಡಿಯಲ್ಲಿ ಉರುಟು ಸರಿಪಡಿಸಿಕೊಂಡು ಬಂದೆವು.

ಎಣ್ಣೆಯ ಮೇಲೆ ತೇಲುವ ಕ್ರ್ಯಾಂಕು

ಕ್ರ್ಯಾಂಕು ಬೇರಿಂಗನ್ನು ಮುಟ್ಟಿ ತಿರುಗುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಎಲ್ಲ ಸರಿಯಿದ್ದರೆ ಅದು ಮುಟ್ಟುವುದೇ ಇಲ್ಲ! ತಲೆಗೂದಲಿಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತದೆ. ಆ ಎಣ್ಣೆಗೆ ಬಿಡುವ ಸಂದು ಶಾಫ್ಟಿನ ಅಗಲದ ಸಾವಿರದಲ್ಲೊಂದು ಭಾಗ, 40 ಮಿ.ಮೀ.ಗೆ 0.04 ಎನ್ನುವುದು ಹಳೆಯ ಲೆಕ್ಕ. ಸಂದು ಅಳೆಯಲು ಮೇಣದಂಥ ಸಣ್ಣ ಪ್ಲಾಸ್ಟಿಕ್ ಎಳೆ ಸಿಗುತ್ತದೆ. ಅದನ್ನು ನಡುವೆ ಇಟ್ಟು ಬಿಗಿದು ಬಿಚ್ಚಿದರೆ ಎಳೆ ಚಪ್ಪಟೆಯಾಗಿರುತ್ತದೆ. ಎಷ್ಟು ಅಗಲವಾಯಿತು ಎಂದು ಪಟ್ಟಿಯೊಂದಿಗೆ ಹೋಲಿಸಿ ಸಂದು ಎಷ್ಟೆಂದು ಹೇಳಬಹುದು.

ಕ್ರ್ಯಾಂಕಿನಲ್ಲಿ ಕಾಣದ ಬಿರುಕು ಹುಡುಕುವ ಉಪಾಯ ಪುಟ್ಟಿಗೆ ಎಲ್ಲಕ್ಕಿಂತ ಇಷ್ಟವಾಯಿತು. ಕ್ರ್ಯಾಂಕನ್ನು ಅಯಸ್ಕಾಂತವಾಗಿಸಿ ಅದರ ಮೇಲೆ ಕಬ್ಬಿಣದ ನುಣ್ಣನೆ ಪುಡಿ ಹಾಕುತ್ತಾರೆ. ಬಿರುಕಿದ್ದಲ್ಲಿ ಪುಡಿ ಗೆರೆಯಾಗಿ ನಿಲ್ಲುತ್ತದೆ. ನಮ್ಮದರಲ್ಲಿ ಗೆರೆ ಮೂಡಲಿಲ್ಲ. ಕ್ರ್ಯಾಂಕು ಹಳೆಯದೇ ಉಳಿಯಿತು. ಬೇರಿಂಗು, ಎಣ್ಣೆ ಪಂಪು ಹೊಸದಾಯಿತು.

ಹಿಂದೆ ಬೀಳುವ ಸ್ಪ್ರಿಂಗು

ಸಿಲಿಂಡರಿನ ಬಾಗಿಲುಗಳೇ ವಾಲ್ವ್. ನಮ್ಮದರಲ್ಲಿ ಎಂಟು. ಕ್ಯಾಮ್‌ಶಾಫ್ಟ್ ತೆರೆಯುತ್ತದೆ, ಸ್ಪ್ರಿಂಗು ಮುಚ್ಚುತ್ತದೆ. ಸುತ್ತು ಅತಿಯಾದಾಗ ಸ್ಪ್ರಿಂಗಿಗೆ ಮುಚ್ಚಲು ಸಮಯ ಸಾಲದು, ವಾಲ್ವ್ ತೇಲುತ್ತದೆ. ಶಕ್ತಿ ಕುಸಿಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ವಾಲ್ವ್ ಪಿಸ್ಟನ್ನಿಗೇ ಬಡಿಯುತ್ತದೆ. ಹಾಗೆಂದು ತೀರಾ ಗಟ್ಟಿ ಸ್ಪ್ರಿಂಗು ಹಾಕಿದರೆ ಕ್ಯಾಮು ಸವೆಯುತ್ತದೆ, ಸ್ಪ್ರಿಂಗು ಅದುಮುವುದಕ್ಕೇ ಶಕ್ತಿ ಖರ್ಚಾಗುತ್ತದೆ. ಬೇಕಾದಷ್ಟೇ ಗಟ್ಟಿ, ಅದಕ್ಕಿಂತ ಹೆಚ್ಚಲ್ಲ.

ಮೇಸ್ತ್ರಿ ಒಂದೊಂದು ಸ್ಪ್ರಿಂಗನ್ನೂ ಒಂದೇ ಎತ್ತರಕ್ಕೆ ಅದುಮಿ ಎಷ್ಟು ಕಿಲೋ ಬೇಕಾಯಿತು ಎಂದು ನೋಡಿದ. ಎರಡು ಸೋತಿದ್ದವು. "ಎರಡೇ ಬದಲಿಸೋಣವೇ?" ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಎಂಟೂ ಬದಲಾದವು.

1986ರಲ್ಲಿ ರೆನೋ ಕಂಪನಿ ತನ್ನ ಫಾರ್ಮುಲಾ ಒನ್ ಎಂಜಿನ್ನಿನಲ್ಲಿ ಲೋಹದ ಸ್ಪ್ರಿಂಗನ್ನೇ ಬಿಟ್ಟು ಒತ್ತಡದ ಅನಿಲವನ್ನು ಸ್ಪ್ರಿಂಗಾಗಿ ಬಳಸಿತು. 2006ರಲ್ಲಿ ಕಾಸ್‌ವರ್ತ್ ಎಂಜಿನ್ ನಿಮಿಷಕ್ಕೆ 20,000 ಸುತ್ತು ಮುಟ್ಟಿತು. ಆಗಿನ ನಿಯಮದಲ್ಲಿ ಸಿಲಿಂಡರಿನ ಅಗಲ 98 ಮಿ.ಮೀ. ಮೀರುವಂತಿರಲಿಲ್ಲ. ಆ ಅಗಲಕ್ಕೆ ಪಿಸ್ಟನ್ ಓಡುವ ದೂರ 40 ಮಿ.ಮೀ.ಗೂ ತುಸು ಕಡಿಮೆ. ಅತಿ ಗಿಡ್ಡ ಹೆಜ್ಜೆ! ಬೀದಿಯಲ್ಲಿ ಓಡುವ ಕಾರುಗಳಲ್ಲಿ 1999ರ ಹೋಂಡಾ ಎಸ್2000 ನಿಮಿಷಕ್ಕೆ 9,000 ಸುತ್ತಿನವರೆಗೆ ಹೋಗುತ್ತಿತ್ತು. ಅದರ ಪಿಸ್ಟನ್ನು ಫೋರ್ಜ್ಡ್. ಅದಕ್ಕೆ ಅದು ಬೇಕಿತ್ತು, ನಮಗೆ ಬೇಕಿರಲಿಲ್ಲ.

ಟ್ಯಾಲಿ

ಕೊನೆಯ ಕೆಲಸ ನನಗೆ ಒಪ್ಪಿಸಿದರು. ನಾಲ್ಕು ಪಿಸ್ಟನ್ನೂ ಒಂದೇ ತೂಕವಿರಬೇಕು, ನಾಲ್ಕು ರಾಡೂ ಹಾಗೆಯೇ. ಒಂದು ಭಾರವಾದರೆ ಎಂಜಿನ್ ನಡುಗುತ್ತದೆ, ಬೇರಿಂಗು ಸೊರಗುತ್ತದೆ. ಪಿಸ್ಟನ್ನುಗಳಲ್ಲಿ ಹಗುರದ್ದಕ್ಕೂ ಭಾರದ್ದಕ್ಕೂ 4 ಗ್ರಾಂ ವ್ಯತ್ಯಾಸ ಬಂತು. ಪುಟ್ಟಿ ಕೂಡಲೇ 1,900ರಿಂದ ಗುಣಿಸಿದಳು: "ಏಳೂವರೆ ಕಿಲೋಗಿಂತ ಜಾಸ್ತಿ, ಅಜ್ಜ!" ರಾಡುಗಳ ಮೇಲ್ತುದಿ, ಕೆಳತುದಿ ಎರಡನ್ನೂ ಬೇರೆ ಬೇರೆ ತೂಗಬೇಕು. ಮೇಸ್ತ್ರಿ ಬಲಕ್ಕೆ ತೊಂದರೆಯಾಗದ ಜಾಗದಲ್ಲಿ ಚೂರೇ ಚೂರು ಉಜ್ಜುವುದು, ನಾನು ತಕ್ಕಡಿಯಲ್ಲಿಟ್ಟು ಓದುವುದು, ಪುಟ್ಟಿ ಬರೆಯುವುದು. ಎರಡು ಮಧ್ಯಾಹ್ನ ಹೀಗೇ ಕಳೆದವು. ಕೊನೆಗೆ ವ್ಯತ್ಯಾಸ ಅರ್ಧ ಗ್ರಾಮಿಗೆ ಇಳಿಯಿತು. ವರ್ಷಾಂತ್ಯದ ಲೆಕ್ಕ ರಾತ್ರಿ ಹನ್ನೊಂದಕ್ಕೆ ಟ್ಯಾಲಿಯಾದಾಗ ಆಗುತ್ತಿದ್ದ ಸಂತೋಷ ಮತ್ತೆ ಆಯಿತು.

ಎಂಜಿನ್ ಜೋಡಿಸಿದ ಮೇಲೆ ಮೊದಲು ಸ್ಪಾರ್ಕ್ ಪ್ಲಗ್ ತೆಗೆದು, ಸ್ಟಾರ್ಟರಿನಿಂದ ತಿರುಗಿಸಿ ಎಣ್ಣೆಯ ಒತ್ತಡ ಬರಿಸಿದರು. ಆಮೇಲೆ ಸ್ಟಾರ್ಟ್. ಕೂಡಲೇ ಹಿಡಿಯಿತು. ಸ್ವಲ್ಪ ಓಡಿಸಿ ಎಣ್ಣೆ ಬದಲಿಸಿ, ರಿಂಗು ಹದಕ್ಕೆ ಬರುವವರೆಗೆ ಕಾದು, ನಿಧಾನವಾಗಿ ಸುತ್ತು ಏರಿಸಿದರು.

ಮಳೆ ಕಳೆದ ಮೇಲೆ ಆಟೋಕ್ರಾಸ್ ನಡೆಯಿತು. ಅಣ್ಣನ ಮಗ ಗೆಲ್ಲಲಿಲ್ಲ, ತನ್ನ ವರ್ಗದಲ್ಲಿ ಐದನೆಯವನಾದ. ಆದರೆ ಕಾರು ತನ್ನ ಕಾಲ ಮೇಲೆ ಮನೆಗೆ ಬಂತು. ನಮ್ಮಾಕೆ ಮೇಸ್ತ್ರಿಯನ್ನು ಊಟಕ್ಕೆ ಕರೆದಿದ್ದಳು. ಎಲೆ ಹಾಕುವ ಮೊದಲು ನಾನು ಎಲ್ಲರೆದುರಿಗೆ ಆ ಹಳೆಯ ಚೀಟಿಯನ್ನು ಓದಿದೆ, ಅಡ್ಡಗೆರೆಯನ್ನೂ ಸಹಿಯನ್ನೂ ಸೇರಿಸಿ. ನಮ್ಮಾಕೆ ಒಂದು ಕ್ಷಣ ನನ್ನನ್ನೇ ನೋಡಿ, ಮೇಸ್ತ್ರಿಯ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. ನನ್ನ ಎಲೆಗೆ ಹಾಕುವಾಗ ತುಪ್ಪ ಮರೆತಳು.

ಬೋಲ್ಟು ಈಗಲೂ ಡ್ರಾಯರಿನಲ್ಲಿದೆ. ಪುಟ್ಟಿ ಊರಿಗೆ ಹೊರಡುವ ಮೊದಲು ಅದಕ್ಕೊಂದು ಚೀಟಿ ಕಟ್ಟಿದ್ದಾಳೆ. ಅದರಲ್ಲಿ ಇಷ್ಟೇ ಬರೆದಿದೆ: "ರೂ. 120."